ಹದಿನೆಂಟು ಮಿಲಿಮೀಟರ್

ಭೋಸರಿಯಾಗ ನನ್ನ ಲೇಥಿನ ಶೆಡ್ಡು, ಹನ್ನೊಂದಡಿ ಅಗಲ.
ಪಂಪಿನ ಶಾಫ್ಟು, ಕಬ್ಬಿನ ಗಾಣದ ಬುಶ್ಶು,
ಒಮ್ಮೆ ಒಬ್ಬ ಮುದುಕನ ಊರುಗೋಲಿಗೆ ಹಿತ್ತಾಳಿ ತುದಿ:
ಏನ ತಂದ್ರೂ ತಿರುವಿ ಕೊಟ್ಟೇನಿ.
ಬಾಪು ಲಾಂಡಗೆ ತಂದದ್ದು ಮಾತ್ರ
ಚುರುಮುರಿ ಕಟ್ಟಿದ ಹಾಳಿಮ್ಯಾಲ ಗೀಚಿದ ಚಿತ್ರ.
ಎಡಕ್ಕ ಜಪಾನಿನ ಎಂಜಿನ್ನು, ಬಲಕ್ಕ ಯಾವುದೋ ಜೀಪಿನ ಗೇರ್‌ಬಾಕ್ಸು,
ನಡುವ ಒಂದು ಪ್ರಶ್ನಾರ್ಥಕ ಚಿಹ್ನೆ.
‘ಗುರಪಾದ, ಇದನ್ನ ನೀ ಮಾಡಿಕೊಡಬೇಕು’ ಅಂದಾ,
ಚಿಹ್ನೆಮ್ಯಾಲ ಬೆರಳಿಟ್ಟು.

ಕಾರು ಕಾಂಟೆಸ್ಸಾ. ಎಂಬತ್ತೊಂಬತ್ತರ ಹುಟ್ಟು.
ಖಡಕಿಯ ಕರ್ನಲ್ ಒಬ್ಬ ಕವರು ಹೊಚ್ಚಿ
ಹದಿನಾರು ವರ್ಷ ನಿಲ್ಲಿಸಿದ್ದಾ;
ಹಿಂದಿನ ಸೀಟಿನಾಗ ಬೆಕ್ಕು ಎರಡು ಸಲ ಈದಿತ್ತು.

ಅಲ್ಯೂಮಿನಿಯಂ ಪ್ಲೇಟು, ದಪ್ಪ ಹದಿನೆಂಟು ಮಿಲಿಮೀಟರ್.
ಆ ಕಡಿ ತೂತಿಗೆ ಈ ಕಡಿ ತೂತಿನ ಭಾಷಿ ತಿಳೀದು.
ನಾಲ್ಕು ರಾತ್ರಿ ಡಯಲ್ ಗೇಜಿನ ಮುಳ್ಳು ನೋಡಿದೆ,
ಅದು ನಡುಗೂದು ನಿಲ್ಲೂತನಕ.
‘ನನ್ನ ಜ್ವರ ಯಾವತ್ತರೆ ಇಷ್ಟು ಜೋಪಾನಲೆ ಅಳದೀಯೇನು?’
ಅಂದ್ಲು ಹೆಂಡತಿ, ಡಬ್ಬಿ ಇಟ್ಟು ಹೋದ್ಲು.

ಶಿರೂರಿನ ಆಚೆ, ವಿಮಾನ ಮರೆತ ಒಂದು ರನ್‌ವೇ.
ಪಕ್ಕಕ್ಕ ಉಳ್ಳಾಗಡ್ಡಿ ಹೊಲ. ಒಂದು ಆಂಬುಲೆನ್ಸು,
ಅದರ ನೆರಳಿನಾಗ ಮಲಗಿದ ಅದರ ಡ್ರೈವರ.
ನಾಲ್ಕುನೂರಾ ಎರಡು ಮೀಟರ್. ಅಷ್ಟ.
ನನ್ನ ಶೆಡ್ಡಿನಿಂದ ಚಹಾದಂಗಡಿ ಇದಕ್ಕಿಂತ ದೂರ.

ಆ ಸಾಲಿನಾಗ ಹೊಸಾ ಮಸ್ಟಾಂಗು, ಹಸಿ ಸಿಮೆಂಟಿನ ಬಣ್ಣ.
ಕಾರಖಾನಿಯಿಂದ ಹೆಂಗ ಬಂತೋ ಹಂಗ,
ಒಂದು ಸ್ಕ್ರೂ ಸೈತ ಯಾರೂ ತಿರುವಿಲ್ಲ.
ಹುಡುಗ ಫರ್ಝಾದ್ ಇರಾನಿ, ಮರ್ಯಾದಿ ಗೊತ್ತಿದ್ದವ,
ಬಾನೆಟ್ಟು ಎತ್ತಿ ತೋರಿಸಿದಾ:
ಕರೀ ಪ್ಲಾಸ್ಟಿಕ್ಕಿನ ಮುಚ್ಚಳ, ಅದರ ಕೆಳಗ ಮತ್ತೊಂದು ಮುಚ್ಚಳ.
‘ಹೊರಡೂದನ್ನ ಅದ ನೋಡಿಕೋತೈತಿ ಅಂಕಲ್,
ನಾ ಬರೇ ಕಾಲು ತಗೀತೀನಿ.’

ನಮ್ಮ ಕಾರಿಗೆ ಕೇತಕಿ, ಬಾಪೂನ ತಂಗಿ ಮಗಳು.
ಪಿಂಪರಿ ಆಸ್ಪತ್ರ್ಯಾಗ ಡಯಾಲಿಸಿಸ್ ಮಶೀನು ನಡಸಾಕಿ;
ಮಶೀನು ಸುಳ್ಳು ಹೇಳಿದ್ರ ಆಕಿ ಕಿವಿಗೆ ಮೊದಲ ಗೊತ್ತಾಗತೈತಿ.

ಹಳದಿ. ಹಳದಿ. ಹಳದಿ.
ಮಂದಿ ದೀಪ ನೋಡಾಕತ್ತಿದ್ರು.
ನಾ ನೋಡಿದ್ದು ಕಾರಿನ ಹೊಟ್ಟಿ.
ಹಸಿರು—
ಕಾಂಟೆಸ್ಸಾ ಮೂಗೆತ್ತಿ, ಬಾಲ ತಿರುವಿ,
ಸುಟ್ಟ ಟಾಯರಿನ ಬಿಳೀ ಹೊಗಿ ಹರಕೊಂಡು ಹೊರಗ ಬಿತ್ತು.
ಮೊದಲ ಇಪ್ಪತ್ತು ಮೀಟರ್ ನಮ್ಮದ, ದೇವರಾಣಿ ನಮ್ಮದ!
ಎರಡಕ್ಕ ಹಾಕಿದ್ಲು. ಆ ಹೊಡತ ನನ್ನ ದವಡಿಗೆ ಬಂತು.
ಮೂರಕ್ಕ ಹಾಕೂದ್ರಾಗ ಆ ಬೂದು ಕಾರು,
ಲಿಫ್ಟಿನಾಗ ಮ್ಯಾಲ ಹೋಗೂ ಸಾಹೇಬನಂಗ
ಎದೆ ಏರಿಳಿಸದ, ದಾಟಿ ಹೋತು.

ಅವನದು ಹನ್ನೆರಡು ಎಂಬತ್ತೇಳು. ನಮ್ಮದು ಹದಿಮೂರು ನಲವತ್ತೊಂದು.
ನಡುವಿನ ಅರ್ಧ ಸೆಕೆಂಡಿಗೆ ತಕ್ಕ ಬೈಗುಳ
ಬಾಪೂನ ಮರಾಠಿಯಾಗ ಸಿಗಲಿಲ್ಲ,
ನನ್ನ ಕನ್ನಡದಾಗ ಕೇಳಿದಾ. ಕೊಟ್ಟೆ.

ಆಮ್ಯಾಲ ನೆಲಕ್ಕ ಬೆನ್ನು ಹಚ್ಚಿ ಕಾರಿನ ಕೆಳಗ ಸರದೆ.
ಡಾಂಬರು ಕಾದಿತ್ತು. ಹಣಿಮ್ಯಾಲ ಒಂದು ಹನಿ ಎಣ್ಣಿ.
ಟಾರ್ಚು ಹಲ್ಲಾಗ ಕಚ್ಚಿ ಪ್ಲೇಟಿನ ಅಂಚಿಗುಂಟ ಬೆರಳಾಡಿಸಿದೆ,
ಒಂದ ಬೋಲ್ಟು, ಮತ್ತೊಂದು, ಹನ್ನೊಂದೂ.
ಯಾರೋ ಬಾಜೂಕ ಬಂದು ಮಲಗಿದ್ರು.
ಬಿಳೀ ಅಂಗಿ, ಫರ್ಝಾದ್.
‘ಅಂಕಲ್, ಇದು ಯಾವ ಕಂಪನೀದು?’
‘ಮುಟ್ಟಿ ನೋಡು’ ಅಂದೆ.
ಮುಟ್ಟಿದಾ. ಚುರ್ ಅಂತು. ಬೆರಳು ಬಾಯಾಗ ಇಟ್ಟುಕೊಂಡಾ,
ಆದ್ರೂ ಕಣ್ಣು ತಗೀಲಿಲ್ಲ.

‘ಏನಾತೋ?’ ಮ್ಯಾಲಿಂದ ಬಾಪು ಒದರಿದಾ.
‘ಹಿಡದೈತಿ.’

ಕೇತಕಿಗೆ ಎಂಟಕ್ಕ ಡ್ಯೂಟಿ.
ಹೈವೇಕ ನಡಕೋತ ಹೋಗಿ ಪುಣೆ ಬಸ್ಸಿಗೆ ಕೈ ಮಾಡಿದ್ಲು,
ಎಡಗೈ ಇನ್ನೂ ಗೇರು ಹಿಡದಂಗ ಮುಷ್ಟಿ.